ನಿಯಮದ ಅಂತರಂಗ ಬಹಿರಂಗಗಳು

ನಸುಕಿನಲ್ಲೆದ್ದು ಸ್ನಾನಮಾಡಿ, ವಿಭೂತಿಯನ್ನು ಧರಿಸಿ, ಪೂಜೆ ಜಪಗಳು ಮುಗಿಯುವ ವರೆಗೆ ಬಾಯಲ್ಲಿ ಹನಿ ನೀರನ್ನೂ ಹಾಕದವನನ್ನು ಕನ್ನಡಿಗರು ನೇಮಸ್ತನೆಂದು ಕರೆಯುವರು. ನೇಮವೆಂಬ ಈ ಮಾತು ಸಂಸ್ಕೃತದ ನಿಯಮ ಶಬ್ದದ ತದ್ಭವವು. ಯೋಗಶಾಸ್ತ್ರದ ಹೆಸರನ್ನು ಸಹ ಕೇಳದ ಹಳ್ಳಿಯ ಮುದುಕಿಯು “ಇದು ನನ್ನ ನೇಮ, ಬಿಡಲಿಕ್ಕಾಗದು” ಎಂದು ಹೇಳುವಾಗ, ಸುಮಾರು ಹದಿನಾರು ಶತಮಾನಗಳ ಹಿಂದೆ ಯೋಗಸೂತ್ರಗಳಲ್ಲಿ ಅಷ್ಟಾಂಗಗಳ ಪೈಕಿ ಎರಡನೆಯದಾಗಿ ಎಣಿಸಲ್ಪಟ್ಟ ಶಬ್ದವನ್ನೇ ಆಕೆಯು ಉಚ್ಚರಿಸುತ್ತಿರುವಳು. ದರ್ಶನದ ಪಾರಿಭಾಷಿಕ ಶಬ್ದವೊಂದು ಹೀಗೆ ಮನೆಮಾತಾಗಿ ಇಳಿದುಬಂದಿರುವದು ಈ ನಾಡಿನ ಜನರು ಆ ವಸ್ತುವಿಗೆ ಕೊಟ್ಟ ಮನ್ನಣೆಯ ಗುರುತಾಗಿದೆ.

ಆದರೆ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ನೇಮಸ್ತರನ್ನು ಬೆಚ್ಚಿಬೀಳಿಸುವಂಥ ಒಂದು ಮಾತುಂಟು. ವಿವೇಕಿಯು ಯಮಗಳನ್ನು ಸದಾ ಆಚರಿಸಬೇಕು. ನಿಯಮಗಳಿಗೆ ಅಂಥ ನಿತ್ಯದ ಕಟ್ಟು ಇಲ್ಲ. ಯಮಗಳನ್ನು ಕೈಬಿಟ್ಟು ನಿಯಮಗಳನ್ನೇ ಹಿಡಿದವನು ಪತಿತನಾಗುವನು ಎಂಬದು ಅಲ್ಲಿಯ ಅಭಿಪ್ರಾಯವು. ಹಾಗಾದರೆ ಒಂದು ದಿನವೂ ತಪ್ಪದಂತೆ ನೇಮವನ್ನು ನಡೆಯಿಸಿದವನು ಸಹ ಬೀಳಬಹುದೇ? ಬೀಳಬಹುದಾದರೆ ನೇಮದ ಪ್ರಯೋಜನವೇನು? ಈ ಶಂಕೆಗೆ ಯೋಗದರ್ಶನವು ಯಾವ ಸಮಾಧಾನವನ್ನು ಕೊಟ್ಟಿತು, ಅನಂತರದ ಶೈವಗ್ರಂಥಗಳೂ ಕನ್ನಡ ನಾಡಿನ ಶರಣರೂ ಶಿವಯೋಗಿಗಳೂ ಅದನ್ನು ಹೇಗೆ ಬೆಳೆಯಿಸಿದರು ಎಂಬದರ ವಿಚಾರವೇ ಪ್ರಕೃತ ಲೇಖನದ ವಿಷಯವು.

ಯಮವು ಮೊದಲು

ಯೋಗವು ಪತಂಜಲಿಯಿಂದಲೇ ಆರಂಭವಾದ ವಿದ್ಯೆಯಲ್ಲ. ಇಂದ್ರಿಯಗಳನ್ನು ಸ್ಥಿರವಾಗಿ ಹಿಡಿದು ನಿಲ್ಲಿಸುವದೇ ಯೋಗವೆಂದು ಕಠೋಪನಿಷತ್ತು ಹೇಳಿರುವದು. ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿರುವದೂ ಅದೇ ಉಪನಿಷತ್ತು. ಮೈತ್ರಾಯಣೀಯ ಉಪನಿಷತ್ತಿನಲ್ಲಿ ಯೋಗಕ್ಕೆ ಪ್ರಾಣಾಯಾಮ, ಪ್ರತ್ಯಾಹಾರ, ಧ್ಯಾನ, ಧಾರಣೆ, ತರ್ಕ, ಸಮಾಧಿಗಳೆಂದು ಆರು ಅಂಗಗಳು ಹೇಳಲ್ಪಟ್ಟಿವೆ. ಅನೇಕ ಶೈವಾಗಮಗಳಲ್ಲಿಯೂ ಷಡಂಗಯೋಗವೇ ಕಂಡುಬರುತ್ತದೆ. ಆ ಉಪನಿಷತ್ತಿನ ಎಣಿಕೆಯಲ್ಲಿ ಯಮನಿಯಮಗಳಿಗೆ ಬೇರೆ ಸ್ಥಾನವಿಲ್ಲ.

ಪತಂಜಲಿಯು ಅಂಗಗಳನ್ನು ಎಂಟೆಂದು ಎಣಿಸಿ, ಯಮನಿಯಮಗಳನ್ನು ಯೋಗಮಂದಿರದ ಹೆಬ್ಬಾಗಿಲಿನಲ್ಲಿಯೇ ನಿಲ್ಲಿಸಿದನು. ಯೋಗಸೂತ್ರಗಳ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಸೂತ್ರಗಳೂ ವ್ಯಾಸಭಾಷ್ಯವೆಂದು ಪ್ರಸಿದ್ಧವಾದ ವಿವರಣೆಯೂ ಒಂದೇ ಕೃತಿಯ ಎರಡು ಪದರುಗಳೆಂದೂ, ಅದು ಕ್ರಿ. ಶ. ೪೦೦ರ ಆಚೀಚೆಗೆ ಸಿದ್ಧವಾಯಿತೆಂದೂ ಇತ್ತೀಚಿನ ಸಂಶೋಧಕರು ಪ್ರತಿಪಾದಿಸಿರುವರು. ನಾಲ್ಕು ಪಾದಗಳೂ ೧೯೫ ಸೂತ್ರಗಳೂ ಉಳ್ಳ ಈ ಚಿಕ್ಕ ಗ್ರಂಥದ ಸಾಧನಪಾದದಲ್ಲಿ ಯಮನಿಯಮಗಳ ವಿಚಾರಕ್ಕೆ ೧೬ ಸೂತ್ರಗಳು ಮೀಸಲಾಗಿವೆ. ಆಸನಕ್ಕೆ ದೊರೆತಿರುವವು ಮೂರೇ. ಶಾಸ್ತ್ರಕಾರನ ದೃಷ್ಟಿಯಲ್ಲಿ ಯಾವುದು ಹೆಚ್ಚು ಕಷ್ಟಸಾಧ್ಯವಾಗಿತ್ತೆಂಬದಕ್ಕೆ ಈ ಲೆಕ್ಕವೇ ಸಾಕು.

ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಇವು ಐದು ಯಮಗಳು. ಜೈನ ಮುನಿಗಳ ಐದು ಮಹಾವ್ರತಗಳೂ ಇವೇ ಆಗಿವೆ. ಪತಂಜಲಿಯೂ ಯಮಗಳನ್ನು ಸಾರ್ವಭೌಮವಾದ ಮಹಾವ್ರತವೆಂದೇ ಕರೆದು, ಜಾತಿ, ದೇಶ, ಕಾಲ, ಸಮಯ ಎಂಬ ನಾಲ್ಕು ಕಟ್ಟುಗಳಿಗೆ ಅವು ಒಳಗಾಗಕೂಡದೆಂದು ವಿಧಿಸಿರುವನು. ಭಾಷ್ಯಕಾರನು ಇದನ್ನು ಬೆಸ್ತನ ದೃಷ್ಟಾಂತದಿಂದ ವಿವರಿಸುವನು. ಮೀನನ್ನಲ್ಲದೆ ಬೇರೆ ಪ್ರಾಣಿಯನ್ನು ಕೊಲ್ಲೆನೆಂಬ ಬೆಸ್ತನ ಅಹಿಂಸೆಯು ಜಾತಿಯಿಂದ ಕಟ್ಟುಗೊಂಡದ್ದು. ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆಂಬದು ದೇಶದಿಂದಲೂ, ಚತುರ್ದಶಿಯ ದಿನ ಕೊಲ್ಲೆನೆಂಬದು ಕಾಲದಿಂದಲೂ, ದೇವಬ್ರಾಹ್ಮಣರ ನಿಮಿತ್ತವಾಗಿಯಲ್ಲದೆ ಕೊಲ್ಲೆನೆಂಬದು ಸಮಯದಿಂದಲೂ ಕಟ್ಟುಗೊಂಡವು. ಈ ಕಟ್ಟುಗಳೆಲ್ಲ ಬಿಚ್ಚಿಹೋದಾಗಲೇ ಅಹಿಂಸೆಯು ಯಮವೆನಿಸುವದು. ಹಬ್ಬದ ದಿನ ಮಾತ್ರ ಸತ್ಯವನ್ನಾಡುವವನಿಗೆ ಸತ್ಯವ್ರತಿಯೆಂಬ ಹೆಸರು ಸಲ್ಲದಷ್ಟೆ!

ನಿಯಮಗಳಿಗೆ ಪತಂಜಲಿಯು ಈ ಸಾರ್ವಭೌಮತ್ವವನ್ನು ಹೇಳಲಿಲ್ಲ. ಇದು ಗಮನಿಸತಕ್ಕ ಸಂಗತಿಯು. ಯಮವು ಮುಖ್ಯವಾಗಿ ಸಾಧಕನಿಗೂ ಇತರ ಜೀವಿಗಳಿಗೂ ಇರುವ ಸಂಬಂಧವನ್ನು ಶುದ್ಧಗೊಳಿಸುವದು. ನಿಯಮವು ಸಾಧಕನಿಗೂ ಅವನ ಶರೀರ ಮನಸ್ಸುಗಳಿಗೂ ಈಶ್ವರನಿಗೂ ಇರುವ ಸಂಬಂಧವನ್ನು ಕುರಿತದ್ದು. ಚಳಿಯ ದೇಶದವನು ಮೂರು ಹೊತ್ತು ತಣ್ಣೀರನ್ನು ಮೀಯಲಾರನು. ರೋಗಿಯು ಉಪವಾಸ ಮಾಡಲಾರನು. ಆದುದರಿಂದ ನಿಯಮದ ರೂಪವು ದೇಶಕಾಲಶಕ್ತಿಗಳಿಗೆ ತಕ್ಕಂತೆ ಬದಲಾಗಬಹುದು. ಸುಳ್ಳು, ಕಳವು, ಕೊಲೆಗಳಿಗೆ ಇಂಥ ರಿಯಾಯತಿಯಿಲ್ಲ. ಮನುವಿನ ಮಾತಿನ ಮರ್ಮವನ್ನೂ ಹೀಗೆಯೇ ತಿಳಿಯತಕ್ಕದ್ದು. ಬೇಲಿಯಿಲ್ಲದ ಹೊಲದಲ್ಲಿ ಎಷ್ಟು ಒಳ್ಳೆಯ ಬೀಜವನ್ನು ಬಿತ್ತಿದರೂ ಬೆಳೆಯು ದನಗಳ ಪಾಲಾಗುವಂತೆ, ಯಮವಿಲ್ಲದವನ ನಿಯಮವು ದಂಭದ ಪಾಲಾಗುವದು.

ಐದು ನಿಯಮಗಳು

ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂದು ಪತಂಜಲಿಯು ಎಣಿಸಿದ ನಿಯಮಗಳು ಐದು. ಇವುಗಳಲ್ಲಿ ಪ್ರತಿಯೊಂದಕ್ಕೂ ಹೊರಗೆ ಕಾಣುವ ಒಂದು ಮುಖವೂ ಒಳಗೆ ಅಡಗಿದ ಒಂದು ಮುಖವೂ ಉಂಟೆಂಬದನ್ನು ಭಾಷ್ಯದ ಸಹಾಯದಿಂದ ಅರಿಯಬಹುದು.

ಮೊದಲನೆಯದು ಶೌಚವು. ಮಣ್ಣು ನೀರುಗಳಿಂದಲೂ ಶುದ್ಧವಾದ ಆಹಾರದಿಂದಲೂ ಆಗುವದು ಬಾಹ್ಯಶೌಚ. ಚಿತ್ತದ ಮಲಗಳನ್ನು ತೊಳೆಯುವದು ಆಭ್ಯಂತರ ಶೌಚ. ಇದರ ಫಲವನ್ನು ಹೇಳುವಾಗ ಸೂತ್ರಕಾರನು ಒಂದು ವಿಚಿತ್ರವಾದ ಮಾತನ್ನಾಡಿರುವನು. ದೇಹವನ್ನು ಎಷ್ಟು ತೊಳೆದರೂ ಅದು ಮತ್ತೆ ಮಲಿನವಾಗುವದನ್ನು ಕಂಡು ಕಂಡು ಸಾಧಕನಿಗೆ ತನ್ನ ದೇಹದ ಮೇಲಿನ ಮೋಹವೇ ಕಡಿಮೆಯಾಗುವದಂತೆ. ಸ್ನಾನ ಮಾಡಿದವನು ತನ್ನ ಮಡಿಯನ್ನು ಕುರಿತು ಹೆಮ್ಮೆಪಡುತ್ತ ಪರರನ್ನು ಮೈಲಿಗೆಯವರೆಂದು ದೂರ ಸರಿಸುವದಾದರೆ ಅವನ ಶೌಚವು ಫಲಿಸಲಿಲ್ಲವೆಂದೇ ತಿಳಿಯಬೇಕು. ಆಭ್ಯಂತರ ಶೌಚವು ಫಲಿಸಿದವನಿಗಾದರೋ ಸತ್ತ್ವಶುದ್ಧಿ, ಮನಸ್ಸಿನ ಪ್ರಸನ್ನತೆ, ಏಕಾಗ್ರತೆ, ಇಂದ್ರಿಯಜಯ, ಆತ್ಮದರ್ಶನದ ಯೋಗ್ಯತೆ ಇವು ಒಂದರಿಂದೊಂದಾಗಿ ದೊರೆಯುವವು.

ಎರಡನೆಯದು ಸಂತೋಷವು. ಇಲ್ಲಿ ಸಂತೋಷವೆಂದರೆ ಹಿಗ್ಗು ಎಂದರ್ಥವಲ್ಲ. ಕೈಗೆಟುಕಿದ ಸಾಧನಗಳಿಗಿಂತ ಹೆಚ್ಚಿನದನ್ನು ಬಯಸದಿರುವ ತೃಪ್ತಿಯೇ ಅದು. ಇದರ ಫಲವು ಅನುತ್ತಮವಾದ ಸುಖ, ಅರ್ಥಾತ್ ತನಗಿಂತ ಮಿಗಿಲಾದದ್ದು ಇಲ್ಲದ ಸುಖ. ಲೋಕದ ಕಾಮಸುಖವೂ ಸ್ವರ್ಗದ ಮಹಾಸುಖವೂ ಕೂಡಿ ತೃಷ್ಣೆಯು ಅಳಿದ ಸುಖದ ಹದಿನಾರನೆಯ ಒಂದು ಪಾಲಿಗೂ ಸಮನಾಗವೆಂಬ ಹಳೆಯ ಮಾತೊಂದನ್ನು ಭಾಷ್ಯವು ಇಲ್ಲಿ ನೆನೆಯುವದು. ಐದು ನಿಯಮಗಳಲ್ಲಿ ಹೊರಗಿನ ಗುರುತು ಅತ್ಯಂತ ಕಡಿಮೆಯಾಗಿರುವದು ಇದಕ್ಕೆ. ತೃಪ್ತನಾದವನನ್ನು ಬೀದಿಯಲ್ಲಿ ಕಂಡು ಗುರುತಿಸುವದು ಸುಲಭವಲ್ಲ. ಬಹುಶಃ ಅದಕ್ಕಾಗಿಯೇ ಈ ನೇಮವನ್ನು ಹಿಡಿಯುವವರು ವಿರಳರಾಗಿರುವರು.

ಮೂರನೆಯದು ತಪಸ್ಸು. ಹಸಿವು ಬಾಯಾರಿಕೆ, ಶೀತ ಉಷ್ಣ, ನಿಲ್ಲುವದು ಕುಳಿತುಕೊಳ್ಳುವದು ಎಂಬ ದ್ವಂದ್ವಗಳನ್ನು ಸಹಿಸುವದೇ ತಪಸ್ಸೆಂದು ಭಾಷ್ಯವು ಹೇಳುವದು. ಕೃಚ್ಛ್ರ, ಚಾಂದ್ರಾಯಣ, ಸಾಂತಪನಗಳೆಂಬ ವ್ರತಗಳೂ ಇದರಲ್ಲಿ ಸೇರುವವು. ಮೌನದಲ್ಲಿಯೂ ಎರಡು ಬಗೆಗಳುಂಟು: ಸನ್ನೆಯಿಂದಲೂ ಮನದ ಇಂಗಿತವನ್ನು ತೋರಿಸದಿರುವದು ಕಾಷ್ಠಮೌನ, ಮಾತು ಮಾತ್ರವಿಲ್ಲದಿರುವದು ಆಕಾರಮೌನ. ಆದರೆ ಈ ಎಲ್ಲ ತಪಸ್ಸಿಗೂ ಭಾಷ್ಯಕಾರನು ಒಂದು ಮೇರೆಯನ್ನು ಹಾಕಿರುವನು. ಚಿತ್ತದ ಪ್ರಸನ್ನತೆಗೆ ಬಾಧೆ ಬಾರದಷ್ಟು ಮಾತ್ರ ತಪಸ್ಸನ್ನು ಸೇವಿಸಬೇಕು ಎಂಬದೇ ಆ ಮೇರೆಯು. ಒಂಬತ್ತನೆಯ ಅಥವಾ ಹತ್ತನೆಯ ಶತಮಾನದ ವಾಚಸ್ಪತಿಮಿಶ್ರನು ಈ ಮಾತನ್ನು ಬಿಡಿಸಿ, ಶರೀರದ ಧಾತುಗಳು ಕೆಡುವಷ್ಟು ದೂರ ತಪಸ್ಸು ಹೋಗಕೂಡದೆಂದಿರುವನು. ಉಪವಾಸದ ದಿನ ಮನೆಯವರ ಮೇಲೆಲ್ಲ ಸಿಡುಕುವವನ ಹೊಟ್ಟೆ ಬರಿದಾಗಿರಬಹುದು. ಆದರೆ ಅವನ ಉಪವಾಸವು ತಪಸ್ಸೆನಿಸಲಾರದು.

ನಾಲ್ಕನೆಯದು ಸ್ವಾಧ್ಯಾಯವು. ಮೋಕ್ಷಶಾಸ್ತ್ರಗಳ ಅಧ್ಯಯನ ಇಲ್ಲವೆ ಪ್ರಣವದ ಜಪ, ಇವೆರಡೂ ಸ್ವಾಧ್ಯಾಯವೆನಿಸುವವು. ಓದಿದ್ದನ್ನು ತನ್ನೊಳಗೆ ತಿರುಗಿಸಿ ನೋಡಿಕೊಳ್ಳುವದರಲ್ಲಿ ಅದರ ಒಳಮುಖವಿದೆ. ಇದರಿಂದ ಇಷ್ಟದೇವತೆಯ ಸಂಯೋಗವು ಆಗುವದೆಂದು ಸೂತ್ರಕಾರನು ಹೇಳಿರುವನು.

ಐದನೆಯದು ಈಶ್ವರಪ್ರಣಿಧಾನವು. ಸರ್ವಕರ್ಮಗಳನ್ನೂ ಪರಮಗುರುವಿನಲ್ಲಿ ಅರ್ಪಿಸುವದೇ ಇದರ ಲಕ್ಷಣವೆಂದು ಭಾಷ್ಯವು ಸಾರುವದು. ಇಲ್ಲಿ ಗುರು ಎಂಬ ಪದವು ಸುಮ್ಮನೆ ಬಂದದ್ದಲ್ಲ. ಸಮಾಧಿಪಾದದಲ್ಲಿ ಪತಂಜಲಿಯು ಈಶ್ವರನ ಲಕ್ಷಣವನ್ನು ಹೇಳುವಾಗ, ಕ್ಲೇಶಕರ್ಮಗಳ ಸೋಂಕಿಲ್ಲದ ಪುರುಷವಿಶೇಷನೆಂದೂ, ಕಾಲದ ಮಿತಿಯಿಲ್ಲದವನಾದುದರಿಂದ ಪೂರ್ವದವರಿಗೂ ಗುರುವೆಂದೂ, ಪ್ರಣವವು ಅವನ ವಾಚಕವೆಂದೂ ಹೇಳಿರುವನು. ಈ ಅರ್ಪಣೆಯ ಫಲವಾಗಿ ಸಮಾಧಿಯೇ ಸಿದ್ಧಿಸುವದು. ಅಷ್ಟಾಂಗಗಳ ಎರಡನೆಯ ಮೆಟ್ಟಿಲಿನಲ್ಲಿರುವ ಒಂದು ನಿಯಮಕ್ಕೆ ಎಂಟನೆಯ ಮೆಟ್ಟಿಲಿನ ಫಲವನ್ನು ಹೇಳಿರುವದನ್ನು ಸಾಧಕರು ವಿಚಾರಿಸಿ ನೋಡಬೇಕು. ನಿಯಮವು ಸಮಾಧಿಗೆ ಬರಿಯ ಪೂರ್ವಸಿದ್ಧತೆಯಾಗಿ ಉಳಿಯದೆ, ಅದರ ಬೀಜವನ್ನು ತನ್ನಲ್ಲಿಯೇ ಧರಿಸಿರುವದೆಂದು ಇದರಿಂದ ತಿಳಿಯುವದು.

ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಈ ಮೂರನ್ನು ಸಾಧನಪಾದದ ಮೊದಲನೆಯ ಸೂತ್ರವು ಕ್ರಿಯಾಯೋಗವೆಂಬ ಪ್ರತ್ಯೇಕ ಹೆಸರಿನಿಂದಲೂ ಕರೆದಿರುವದು. ಮನಸ್ಸು ಇನ್ನೂ ಚಂಚಲವಾಗಿರುವವನು ಕೂಡ ಈ ಮೂರರಿಂದ ಕ್ಲೇಶಗಳನ್ನು ತೆಳ್ಳಗೆ ಮಾಡಿಕೊಂಡು ಸಮಾಧಿಯ ಕಡೆಗೆ ನಡೆಯಬಹುದು. ಸಂಸಾರಿಗಳಾದ ಭಕ್ತರಿಗೆ ಇದಕ್ಕಿಂತ ಹೆಚ್ಚಿನ ಅಭಯವಚನವು ಯೋಗಶಾಸ್ತ್ರದಲ್ಲಿ ದೊರೆಯುವದು ದುರ್ಲಭ.

ಮನಸ್ಸಿನ ಕಾವಲು

ನೇಮವನ್ನು ಹಿಡಿದವನಿಗೆ ಅದನ್ನು ಬಿಡಿಸುವ ಯೋಚನೆಗಳು ಬಾರದಿರುವದಿಲ್ಲ. ಇವಕ್ಕೆ ವಿತರ್ಕಗಳೆಂದು ಹೆಸರು. ವಿತರ್ಕವು ಬಾಧಿಸಿದಾಗ ಅದರ ಪ್ರತಿಪಕ್ಷವನ್ನು ಭಾವಿಸಬೇಕೆಂಬದು ಪತಂಜಲಿಯ ಉಪಾಯವು. ಬಿಟ್ಟ ದೋಷವನ್ನು ಮತ್ತೆ ಹಿಡಿಯುವವನು ತಾನು ಕಾರಿದ್ದನ್ನು ತಾನೇ ನೆಕ್ಕುವ ನಾಯಿಗೆ ಸಮಾನನೆಂದು ಸಾಧಕನು ತನ್ನನ್ನೇ ಎಚ್ಚರಿಸಿಕೊಳ್ಳಬೇಕೆಂದು ಭಾಷ್ಯಕಾರನು ಕಠಿಣವಾಗಿಯೇ ನುಡಿದಿರುವನು.

ಹಿಂಸೆಯೊಂದನ್ನೇ ಉದಾಹರಣೆಗೆ ತೆಗೆದುಕೊಂಡು ಅವನು ಮಾಡಿದ ಎಣಿಕೆಯು ಆಶ್ಚರ್ಯಕರವಾಗಿದೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು ಎಂದು ಹಿಂಸೆಯು ಮೂರು ಬಗೆ. ಇವುಗಳಲ್ಲಿ ಪ್ರತಿಯೊಂದೂ ಲೋಭದಿಂದ, ಕ್ರೋಧದಿಂದ, ಮೋಹದಿಂದ ಹುಟ್ಟುವದರಿಂದ ಒಂಬತ್ತು. ಮೃದು, ಮಧ್ಯ, ತೀವ್ರ ಎಂಬ ಭೇದದಿಂದ ಇಪ್ಪತ್ತೇಳು. ಆ ಮೃದು ಮಧ್ಯ ತೀವ್ರಗಳಲ್ಲಿಯೂ ಮತ್ತೆ ಮೂರು ಮೂರು ಭೇದಗಳಾಗಿ ಒಟ್ಟಿಗೆ ಎಂಬತ್ತೊಂದು! ಮಾಂಸಚರ್ಮಗಳ ಆಸೆಯಿಂದ ಕೊಲ್ಲುವದು ಲೋಭದ ಹಿಂಸೆ. ಇವನು ತನಗೆ ಕೇಡುಮಾಡಿದನೆಂದು ಕೊಲ್ಲುವದು ಕ್ರೋಧದ ಹಿಂಸೆ. ಇದರಿಂದ ತನಗೆ ಧರ್ಮವು ದೊರೆಯುವದೆಂದು ಕೊಲ್ಲುವದು ಮೋಹದ ಹಿಂಸೆ. ಪುಣ್ಯದ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ಈ ದರ್ಶನವು ಮೋಹವೆಂಬ ಹೆಸರಿನಿಂದಲೇ ಕರೆಯಿತು. ಪರರ ಅನ್ಯಾಯವನ್ನು ಕಂಡು ಒಳಗೊಳಗೆ ತಲೆದೂಗಿದವನನ್ನು ಸಹ ಅದು ಪಾಲುಗಾರನೆಂದೇ ಎಣಿಸಿತು. ತನ್ನ ಕೈ ಶುದ್ಧವಾಗಿದೆಯೆಂದು ಹೇಳಿಕೊಂಡು ತಪ್ಪಿಸಿಕೊಳ್ಳುವ ದಾರಿಯು ಇಲ್ಲಿಲ್ಲ. ನಿಯಮವು ಅಂತರಂಗಕ್ಕೆ ಇಳಿಯುವದೆಂದರೆ ಇದೇ.

ಸಂಖ್ಯೆಯು ಬೆಳೆದ ಬಗೆ

ಮುಂದಿನ ಶತಮಾನಗಳಲ್ಲಿ ನಿಯಮಗಳ ಸಂಖ್ಯೆಯು ಬೆಳೆಯಿತು. ವಿಷ್ಣುಪುರಾಣದಲ್ಲಿ ಯಮಗಳೂ ಐದು, ನಿಯಮಗಳೂ ಐದು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವು ಹನ್ನೆರಡು ಹನ್ನೆರಡಾದವು. ಯಾಜ್ಞವಲ್ಕ್ಯ ಗಾರ್ಗಿಯರ ಸಂವಾದರೂಪವಾದ ಯೋಗಯಾಜ್ಞವಲ್ಕ್ಯದಲ್ಲಿ ಹತ್ತು ಹತ್ತು. ಅಲ್ಲಿ ತಪಸ್ಸು ಸಂತೋಷಗಳ ಜೊತೆಗೆ ಆಸ್ತಿಕ್ಯ, ದಾನ, ಈಶ್ವರಪೂಜೆ, ಸಿದ್ಧಾಂತಶ್ರವಣ, ಲಜ್ಜೆ, ಮತಿ, ಜಪ, ವ್ರತ ಇವು ಬಂದು ಸೇರಿದವು. ಲಿಂಗಪುರಾಣದ ಪೂರ್ವಭಾಗದ ಎಂಟನೆಯ ಅಧ್ಯಾಯದಲ್ಲಿಯೂ ನಿಯಮಗಳು ಹತ್ತಾಗಿ, ಉಪವಾಸ, ಮೌನ, ಸ್ನಾನ ಮೊದಲಾದವುಗಳಿಗೆ ಪ್ರತ್ಯೇಕ ಸ್ಥಾನವು ದೊರೆಯಿತು.

ಸಂಖ್ಯೆ ಬೆಳೆದಂತೆ ಹೊರಗಿನ ಆಚರಣೆಯೇ ಹೆಚ್ಚಿ ಒಳಗಿನ ಅರ್ಥವು ಮರೆಯಾಗುವ ಭಯವೂ ಬೆಳೆಯಿತು. ಲಿಂಗಪುರಾಣಕಾರನು ಈ ಭಯವನ್ನು ಅರಿತವನೇ ಆಗಿದ್ದನು. ಸ್ನಾನವನ್ನು ನಿಯಮಗಳಲ್ಲಿ ಎಣಿಸಿದ ಆ ಅಧ್ಯಾಯದಲ್ಲಿಯೇ, ಯಾವಾಗಲೂ ನೀರಿನಲ್ಲಿ ಮುಳುಗಿರುವ ಪಾಚಿಯೂ ಮೀನುಗಳೂ ಮೀನುಗಳನ್ನು ತಿಂದು ಬಾಳುವ ಪ್ರಾಣಿಗಳೂ ಶುದ್ಧವಾದವೇನು ಎಂಬ ಪ್ರಶ್ನೆಯನ್ನು ಅವನು ಎತ್ತಿರುವನು. ವೈರಾಗ್ಯವೆಂಬ ಮಣ್ಣನ್ನು ಲೇಪಿಸಿಕೊಂಡು ಆತ್ಮಜ್ಞಾನವೆಂಬ ನೀರಿನಲ್ಲಿ ಮೀಯುವದೇ ನಿಜವಾದ ಶೌಚವೆಂಬದು ಅವನ ಉತ್ತರವು. ಯೋಗಭಾಷ್ಯದ ಮಣ್ಣು ನೀರುಗಳು ಇಲ್ಲಿ ಒಳಕ್ಕೆ ಸರಿದು ವೈರಾಗ್ಯ ಜ್ಞಾನಗಳಾದವು.

ಹದಿನೈದನೆಯ ಶತಮಾನದ ಸ್ವಾತ್ಮಾರಾಮಯೋಗಿಯು ಹಠಯೋಗಪ್ರದೀಪಿಕೆಯಲ್ಲಿ ಈ ಮಾತನ್ನು ಇನ್ನೂ ಬಿಚ್ಚಿ ಹೇಳಿರುವನು. ಯೋಗವನ್ನು ಕೆಡಿಸುವ ಆರು ದೋಷಗಳೆಂದರೆ ಅತ್ಯಾಹಾರ, ಅತಿಪ್ರಯಾಸ, ಹರಟೆ, ನಿಯಮಾಗ್ರಹ, ಜನಸಂಗ, ಚಾಂಚಲ್ಯ. ನಿಯಮವನ್ನು ಹಟದಿಂದ ಹಿಡಿಯುವದೂ ಯೋಗನಾಶಕಗಳಲ್ಲಿ ಒಂದಾಗಿರುವದು! ತಣ್ಣೀರಿನ ಪ್ರಾತಃಸ್ನಾನ, ಫಲಾಹಾರ ಮುಂತಾದವುಗಳನ್ನೇ ಬಲವಾಗಿ ಹಿಡಿದುಕೊಳ್ಳುವದೆಂದು ವ್ಯಾಖ್ಯಾನಕಾರನಾದ ಬ್ರಹ್ಮಾನಂದನು ಇದಕ್ಕೆ ಅರ್ಥ ಹೇಳಿರುವನು. ಮನುವು ಯಮವನ್ನು ಬಿಟ್ಟ ನಿಯಮಕ್ಕೆ ಹೆದರಿದ್ದನು. ಹಠಯೋಗಿಯು ವಿವೇಕವನ್ನು ಬಿಟ್ಟ ನಿಯಮಕ್ಕೂ ಹೆದರಿದನು.

ಶರಣರ ದೃಷ್ಟಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಹಳೆಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರವು ಹುಟ್ಟಿತು. ಏಳು ಬೇಡಗಳುಳ್ಳ ಬಸವಣ್ಣನವರ ಪ್ರಸಿದ್ಧ ವಚನವನ್ನು ಅರಿಯದ ಕನ್ನಡಿಗನಿಲ್ಲ. ಯೋಗದರ್ಶನದ ಬೆಳಕಿನಲ್ಲಿ ಅದನ್ನು ನೋಡಿದರೆ ಒಂದು ವಿಶೇಷವು ಗೋಚರಿಸುವದು. ಅದರಲ್ಲಿ ಮೊದಲು ಬರುವ ಮೂರು ನಿಷೇಧಗಳು ಅಸ್ತೇಯ, ಅಹಿಂಸೆ, ಸತ್ಯ ಎಂಬ ಯಮಗಳೇ ಆಗಿವೆ. ಉಳಿದ ನಾಲ್ಕು ಕೋಪ, ಪರರಲ್ಲಿ ಅಸಹ್ಯ, ಆತ್ಮಸ್ತುತಿ, ಪರನಿಂದೆ ಇವುಗಳನ್ನು ಕುರಿತವು. ಅರ್ಥಾತ್ ಚಿತ್ತದ ಮಲಗಳನ್ನು ಕುರಿತವು. ಇವನ್ನೆಲ್ಲ ಹೇಳಿ ಬಸವಣ್ಣನವರು ಇದೇ ಅಂತರಂಗದ ಶುದ್ಧಿಯೆಂದೂ ಇದೇ ಬಹಿರಂಗದ ಶುದ್ಧಿಯೆಂದೂ ನಿರ್ಣಯಿಸಿದರು. ಯೋಗಭಾಷ್ಯದಲ್ಲಿ ಬಹಿರಂಗಶುದ್ಧಿಗೆ ಮಣ್ಣು ನೀರುಗಳು ಸಾಧನವಾಗಿದ್ದವು. ಲಿಂಗಪುರಾಣದಲ್ಲಿ ಅವು ಒಳಸರಿದವು. ಬಸವಣ್ಣನವರಲ್ಲಿ ನೆರೆಯವನೊಡನೆ ನಡೆಯುವ ನಡತೆಯೇ ಬಹಿರಂಗದ ಸ್ನಾನವಾಯಿತು. ಯಮವೇ ಶೌಚವಾಯಿತು, ಹೀಗೆ ಯಮನಿಯಮಗಳ ನಡುವೆ ಬಿರುಕೇ ಉಳಿಯಲಿಲ್ಲ. ಯಮವನ್ನು ಬಿಟ್ಟು ನಿಯಮವನ್ನು ನಡೆಸುವದು ಆಗ ಅಸಂಭವವಾಗುವದು. ಮನುವಿನ ಶಂಕೆಗೆ ಇದಕ್ಕಿಂತ ನೇರವಾದ ಪರಿಹಾರವು ಬೇರೊಂದಿಲ್ಲ.

ಸಂತೋಷವೆಂಬ ನಿಯಮಕ್ಕೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಗಿಂತ ಉತ್ತಮವಾದ ಭಾಷ್ಯವುಂಟೇ? ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ತಂದ ಸ್ಥಳದಲ್ಲಿಯೇ ಚೆಲ್ಲಿ ಬರುವಂತೆ ಕಳುಹಿಸಿದಳೆಂದು ಶರಣರ ಚರಿತ್ರೆಗಳು ಹೇಳುವವು. ಇದ್ದ ಸಾಧನಕ್ಕಿಂತ ಹೆಚ್ಚಿನದನ್ನು ಬಯಸದಿರುವದೆಂಬ ಭಾಷ್ಯದ ಲಕ್ಷಣವನ್ನು ಆ ತಾಯಿಯು ಓದಿದ್ದಳೆಂದು ಹೇಳುವಂತಿಲ್ಲ. ಓದಿ ಅರಿಯಬೇಕಾದದ್ದನ್ನು ಆಕೆಯು ಒಂದು ಹಿಡಿ ಅಕ್ಕಿಯಿಂದ ತೋರಿಸಿಕೊಟ್ಟಳು.

ತಪಸ್ಸಿನ ವಿಷಯದಲ್ಲಿಯೂ ಕನ್ನಡ ನಾಡು ಒಂದು ಕಥೆಯನ್ನು ಕಾಪಾಡಿಕೊಂಡು ಬಂದಿದೆ. ತಪಸ್ಸಿನಿಂದ ಕಾಯಸಿದ್ಧಿಯೂ ಇಂದ್ರಿಯಸಿದ್ಧಿಯೂ ದೊರೆಯುವವೆಂದು ಯೋಗಸೂತ್ರವೇ ಹೇಳಿದೆ. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ವಿಘ್ನಗಳೆಂದು ವಿಭೂತಿಪಾದದಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ. ಪ್ರೌಢದೇವರಾಯನ ಕಾಲದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವೂ ಗೋರಕ್ಷನೂ ಸಂಧಿಸಿದ ಪ್ರಸಂಗವನ್ನು ವರ್ಣಿಸಿರುವನು. ವಜ್ರದಂತೆ ಗಟ್ಟಿಯಾದ ಗೋರಕ್ಷನ ಕಾಯಕ್ಕೆ ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದಾಯಿತೇ ಹೊರತು ಕೂದಲು ಸಹ ಕೊಂಕಲಿಲ್ಲ. ಅದೇ ಕತ್ತಿಯು ಅಲ್ಲಮನ ದೇಹದಲ್ಲಿ ಬಯಲಿನಲ್ಲಿ ಬೀಸಿದಂತೆ ತಡೆಯಿಲ್ಲದೆ ಹಾದುಹೋಯಿತು. ಗಟ್ಟಿಯಾದ ದೇಹವನ್ನು ಸಾಧಿಸುವದಕ್ಕಿಂತ ದೇಹವೆಂಬ ಭಾವವೇ ಇಲ್ಲದಂತಾಗುವದು ಹಿರಿದೆಂದು ಗೋರಕ್ಷನು ಆಗ ಅರಿತನು. ಇದನ್ನು ಪುರಾಣಕಥೆಯೆಂದು ಎಣಿಸಿದರೂ ಅದರ ತಾತ್ಪರ್ಯವು ಯೋಗಸೂತ್ರದ ಎಚ್ಚರಿಕೆಯೊಡನೆ ಸರಿಹೊಂದುವದು.

ಶಿವಯೋಗದಲ್ಲಿ ಸಮನ್ವಯ

ಶಿವಯೋಗಪ್ರದೀಪಿಕೆಯು ವೀರಶೈವನಾದ ಚೆನ್ನಸದಾಶಿವಯೋಗಿಯು ಸಂಸ್ಕೃತದಲ್ಲಿ ರಚಿಸಿದ ಗ್ರಂಥವು. ವಿದ್ವಾಂಸರು ಇದರ ಕಾಲವನ್ನು ಹದಿನೈದನೆಯ ಶತಮಾನದ ಸುಮಾರಿಗೆ ನಿರ್ಣಯಿಸಿರುವರು. ಮಂತ್ರ, ಲಯ, ಹಠ, ರಾಜ ಎಂಬ ನಾಲ್ಕು ಯೋಗಗಳನ್ನು ಹೇಳಿ, ರಾಜಯೋಗಕ್ಕೂ ಶಿವಯೋಗಕ್ಕೂ ತತ್ತ್ವತಃ ಭೇದವಿಲ್ಲವೆಂದು ಈ ಗ್ರಂಥವು ಸಾರುವದು. ಶಿವಯೋಗವು ಜ್ಞಾನ, ಭಕ್ತಿ, ಧ್ಯಾನ, ವ್ರತ, ಅರ್ಚನೆ ಎಂದು ಐದು ವಿಧವಾಗಿರುವದೆಂದೂ ಅದು ಹೇಳುವದು. ಈ ಐದರಲ್ಲಿ ವ್ರತ ಅರ್ಚನೆಗಳು ಕಣ್ಣಿಗೆ ಕಾಣುವ ನೇಮಗಳು. ಜ್ಞಾನ ಭಕ್ತಿ ಧ್ಯಾನಗಳು ಕಾಣದವು. ಐದಕ್ಕೂ ಒಂದೇ ಹೆಸರನ್ನಿಟ್ಟದ್ದರಿಂದ, ಅರ್ಚನೆಯನ್ನು ಕೀಳೆಂದು ಬಿಡುವ ಶುಷ್ಕಜ್ಞಾನಿಗೂ, ಧ್ಯಾನವನ್ನು ತನಗಲ್ಲವೆಂದು ಬಿಡುವ ಆಚಾರವಂತನಿಗೂ ಅವಕಾಶವಿಲ್ಲದಂತಾಯಿತು.

ಈ ಗ್ರಂಥವನ್ನು ಕನ್ನಡಿಗರಿಗೆ ತಿಳಿಯುವಂತೆ ಮಾಡಿದವರಲ್ಲಿ ನಿಜಗುಣ ಶಿವಯೋಗಿಗಳು ಅಗ್ರಗಣ್ಯರು. ಕೊಳ್ಳೇಗಾಲದ ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸನ್ನಾಚರಿಸಿ, ಶಂಭುಲಿಂಗನ ಅಂಕಿತದಲ್ಲಿ ಹಾಡಿದ ಈ ಮಹನೀಯರು ಶಿವಯೋಗಪ್ರದೀಪಿಕೆಗೆ ಪರಮಾರ್ಥಪ್ರಕಾಶಿಕೆಯೆಂಬ ಕನ್ನಡ ವ್ಯಾಖ್ಯಾನವನ್ನು ಬರೆದರು. ಶಾಸ್ತ್ರಗಳ ಸಾರವನ್ನೆಲ್ಲ ಹತ್ತು ಪ್ರಕರಣಗಳಲ್ಲಿ ಸಂಗ್ರಹಿಸಿದ ಅವರ ವಿವೇಕಚಿಂತಾಮಣಿಯು ಮರಾಠಿಗೂ ಪರಿವರ್ತನೆಗೊಂಡಿತು. ಕೈವಲ್ಯಪದ್ಧತಿಯ ಹಾಡುಗಳ ಮೂಲಕ ಯೋಗದ ಪರಿಭಾಷೆಯು ಮಠಗಳ ಭಜನೆಗೂ ಮನೆಗಳ ಜಗುಲಿಗೂ ಇಳಿದುಬಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯು ಮತ್ತೆ ಚಿಗುರಿತು. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಕ್ರಿ. ಶ. ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ವಟುಗಳಿಗೆ ಶಾಸ್ತ್ರಾಧ್ಯಯನದೊಡನೆ ಶಿವಯೋಗದ ಅಭ್ಯಾಸವನ್ನೂ ಏರ್ಪಡಿಸಿದರು. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅರಸರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಯಿಸಿ, ಯೋಗಮಕರಂದವೆಂಬ ಗ್ರಂಥವನ್ನು ಕ್ರಿ. ಶ. ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟಿಸಿದರು. ಕ್ರಿ. ಶ. ೨೦೧೪ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಜೂನ್ ೨೧ನ್ನು ಯೋಗದಿನವೆಂದು ಘೋಷಿಸಿದ ಮೇಲೆ ಆಸನಪ್ರಾಣಾಯಾಮಗಳ ಹೆಸರು ಜಗತ್ತಿನ ಮೂಲೆಮೂಲೆಗೂ ಮುಟ್ಟಿದೆ. ಮೂರು ಸೂತ್ರಗಳ ಆಸನವು ಲೋಕವನ್ನೇ ಸುತ್ತಿಬಂದಿತು. ಹದಿನಾರು ಸೂತ್ರಗಳ ಯಮನಿಯಮಗಳು ಅದರ ಹಿಂದೆ ಎಷ್ಟು ದೂರ ನಡೆದವೆಂಬದನ್ನು ಸಾಧಕರು ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಳ್ಳಬೇಕು.

ಉಪಸಂಹಾರ

ಯೋಗಸೂತ್ರಗಳ ಮೂರನೆಯ ಪಾದದಲ್ಲಿ ಧಾರಣೆ, ಧ್ಯಾನ, ಸಮಾಧಿಗಳು ಮೊದಲಿನ ಐದು ಅಂಗಗಳಿಗಿಂತ ಅಂತರಂಗವೆಂದು ಹೇಳಿ, ಅದರ ಮುಂದಿನ ಸೂತ್ರದಲ್ಲಿಯೇ ಅವು ಸಹ ನಿರ್ಬೀಜಸಮಾಧಿಗೆ ಬಹಿರಂಗವೆಂದು ಹೇಳಲಾಗಿದೆ. ಇದರಿಂದ ಒಂದು ಮಾತು ಸ್ಪಷ್ಟವಾಗುವದು. ಒಳಗು ಹೊರಗು ಎಂಬವು ಗೋಡೆಯಿಂದ ಬೇರ್ಪಟ್ಟ ಎರಡು ಕೋಣೆಗಳಂತೆ ಇರುವದಿಲ್ಲ. ಸಾಧಕನು ಒಂದು ಹೆಜ್ಜೆ ಮುಂದಿಟ್ಟಂತೆ ನಿನ್ನೆಯ ಅಂತರಂಗವು ಇಂದಿನ ಬಹಿರಂಗವಾಗುವದು. ಆದುದರಿಂದ ಹೊರಗಿನ ನೇಮವನ್ನು ತಿರಸ್ಕರಿಸತಕ್ಕದ್ದಲ್ಲ, ಅದರಲ್ಲಿಯೇ ನಿಂತುಬಿಡತಕ್ಕದ್ದೂ ಅಲ್ಲ. ಬಾಗಿಲನ್ನು ದಾಟದೆ ಗರ್ಭಗುಡಿಯನ್ನು ಸೇರುವವನಿಲ್ಲ. ಬಾಗಿಲಲ್ಲಿಯೇ ಕುಳಿತವನಿಗೆ ದರ್ಶನವಿಲ್ಲ.

ನೇಮಸ್ತನು ಬೀಳಬಹುದೇ ಎಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರವು ದೊರೆಯಿತು. ನೇಮವು ಪರರನ್ನು ಅಳೆಯುವ ಕೋಲಾದಾಗ ಅದನ್ನು ಹಿಡಿದವನು ಬೀಳುವನು; ತನ್ನನ್ನು ತೊಳೆಯುವ ನೀರಾದಾಗ ಏಳುವನು. ದಿನವೂ ನಸುಕಿನಲ್ಲಿ ಪೂಜೆಗೆ ಕುಳಿತುಕೊಳ್ಳುವ ಭಕ್ತನು ನಿನ್ನೆ ಯಾರ ಮನಸ್ಸನ್ನು ನೋಯಿಸಿದೆನೆಂಬದನ್ನು ಒಂದು ಕ್ಷಣ ನೆನೆದು, ಇಂದಿನ ಕರ್ಮಗಳನ್ನು ಪರಮಗುರುವಿನಲ್ಲಿ ಅರ್ಪಿಸಿ ಎದ್ದನಾದರೆ, ಹದಿನಾರು ಶತಮಾನಗಳ ಯೋಗವಿಚಾರವೆಲ್ಲ ಆ ಒಂದು ಕ್ಷಣದಲ್ಲಿ ಸಾರ್ಥಕವಾಗುವದು. ಹಳ್ಳಿಯ ಮುದುಕಿಯ ಬಾಯಲ್ಲಿ ಬಂದ “ನನ್ನ ನೇಮ” ಎಂಬ ಮಾತಿನ ತುಂಬಿದ ಅರ್ಥವೂ ಅದೇ ಆಗಿದೆ. ಅಂಥ ನೇಮವು ಸದ್ಭಕ್ತರೆಲ್ಲರಲ್ಲಿಯೂ ನೆಲೆಗೊಳ್ಳಲಿ.